ಬೂಟಿನಲ್ಲಿ ಇಳಿದ ಡಿಕಾಕ್ಷನ್

ಗೋಳಗುಮ್ಮಟದ ಕಡೆ ಬೆಳಗಿನ ವಾಕಿಂಗ್ ಮುಗಿಸಿ ನಾವು ನಾಲ್ವರು ಚಹಾದ ಗಾಡಿಯ ಮುಂದೆ ಕೂತಿದ್ದೆವು. ನಾಲ್ವರು ಅಂದರೆ, ಇತಿಹಾಸ ಕಲಿಸಿ ನಿವೃತ್ತರಾದ ಮಾಸ್ತರು, ಇನ್ನೂ ನಿವೃತ್ತಿ ಒಪ್ಪದ ವಕೀಲರು, ಕಿರಾಣಿ ಅಂಗಡಿಯ ಸಾವ್ಕಾರ್ರು, ಮತ್ತು ಬ್ಯಾಂಕಿನಿಂದ ಹೊರಗೆ ಬಿದ್ದು, ಈಗಷ್ಟೇ ಹಡಗಿನ ಪ್ರವಾಸ ಮುಗಿಸಿ ಬಂದ ನಾನು.

"ಹಡಗಿನ್ಯಾಗ ಊಟ ಹೆಂಗಿತ್ರಿ ಸಾಹೇಬ್ರ?" ಅಂತ ಸಾವ್ಕಾರ್ರು ಕೇಳಿದರು.

ಊಟ ಕೇಳಿದವರಿಗೆ ಊಟದ ಸುದ್ದಿ ಹೇಳಿ ಸುಮ್ನೆ ಇರಬೇಕಿತ್ತು. ನಾನು, "ಊಟ ಬಿಡ್ರಿ, ಒಂದು ಒಳ್ಳೇ ಕಾಫಿಗೆ ಪಟ್ಟ ಪಾಡು ಕೇಳ್ರಿ" ಅಂದುಬಿಟ್ಟೆ.

ಮೂವರೂ ಕಪ್ಪು ಕೆಳಗಿಟ್ಟರು.

"ವಿಜಾಪುರದಾಗ ಸಿಗ್ತೈತೇನ್ರಿ ಕಾಫಿ? ಸಮುದ್ರದಾಗ ಹುಡುಕಾಕ ಹೋಗಿದ್ರಿ?" ಅಂದರು ಸಾವ್ಕಾರ್ರು.

ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮದು ಚಹಾದ ಊರು. ಬೀಗರು ಬಂದರೆ ಚಹಾ, ಜಗಳ ಆದರೆ ಚಹಾ, ಜಗಳ ಬಗೆಹರಿದರೆ ಮತ್ತೊಂದು ಚಹಾ. ಕಾಫಿ ಬೇಕು ಅಂದರೆ "ಯಾಕ್ರಿ, ತಲಿನೋವೇನು?" ಅಂತ ಕೇಳುತ್ತಾರೆ. ನಾನೂ ನಲವತ್ತು ದಾಟುವವರೆಗೆ ಬಶಿಗೆ ಸುರಿದುಕೊಂಡು ಚಹಾ ಕುಡಿದವನೇ. ಆಮೇಲೆ ಬ್ಯಾಂಕಿನವರು ಚಿಕ್ಕಮಗಳೂರಿಗೆ ಎತ್ತಿ ಹಾಕಿದರು. ನಾಲ್ಕು ವರ್ಷ ಅಲ್ಲಿದ್ದು ಬರುವಾಗ ಒಂದು ಹಿತ್ತಾಳೆ ಫಿಲ್ಟರು, ಒಂದು ಚಟ, ಎರಡನ್ನೂ ಲಾರಿಗೆ ಹಾಕಿಕೊಂಡು ಬಂದೆ. ಹೆಂಡತಿ ಮಾತ್ರ ಚಹಾದ ಪಕ್ಷ ಬಿಡಲಿಲ್ಲ.

ಮಗ ಮುಂಬೈಯಿಂದ ಮೂರು ರಾತ್ರಿಯ ಹಡಗಿನ ಟಿಕೆಟ್ ತೆಗೆಸಿದ್ದ. ಈಜುಕೊಳ ಇದೆ, ಹಾಡು ಕುಣಿತ ಇದೆ ಅಂತ ಏನೇನೋ ಹೇಳಿದ. ನಾನು ಬ್ಯಾಗಿಗೆ ಮೊದಲು ಹಾಕಿದ್ದು ಫಿಲ್ಟರು, 80ಕ್ಕೆ 20 ಚಿಕೋರಿ ಬೆರೆಸಿದ ಕಾಲು ಕಿಲೋ ಪುಡಿ, ಒಂದು ಕರೆಂಟಿನ ಕೆಟಲ್. ಸೊಲ್ಲಾಪುರಕ್ಕೆ ಹೋಗಿ ರೈಲು ಹಿಡಿದು ಮುಂಬೈ ಮುಟ್ಟಿದೆವು. ಬಂದರಿನಲ್ಲಿ ಬ್ಯಾಗು ಎಕ್ಸ್‌ರೇ ಮಶೀನಿನೊಳಗೆ ಹೋಯಿತು. ಬೆಲ್ಟು ನಿಂತಿತು.

ಪರದೆ ನೋಡಿ ನನಗೇ ಹೆದರಿಕೆ ಆಯಿತು. ಒಂದರ ಮೇಲೊಂದು ಲೋಹದ ಎರಡು ಡಬ್ಬಿ, ನಡುವೆ ತೂತು ತೂತಿನ ತಳ, ಒಳಗೆ ಹಿಡಿಕೆ ಇರುವ ಒಂದು ಬಿಲ್ಲೆ, ಪಕ್ಕದಲ್ಲಿ ಬಿಗಿಯಾಗಿ ಕಟ್ಟಿದ ಪುಡಿಯ ಪೊಟ್ಟಣ. ಯಾರೇ ಆದರೂ ನಿಲ್ಲಿಸುತ್ತಾರೆ. ನಾನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಪೊಟ್ಟಣದ ರಬ್ಬರ್ ಬಿಚ್ಚಿ ಆ ಮನುಷ್ಯನ ಮೂಗಿಗೆ ಹಿಡಿದಳು. ಅವನು ಒಂದು ಸಲ ಮೂಸಿದ. ಕೆಲಸಕ್ಕೆ ಅಷ್ಟು ಸಾಕಿತ್ತು. ಆದರೂ ಇನ್ನೊಂದು ಸಲ ಮೂಸಿದ. ಫಿಲ್ಟರು, ಪುಡಿ ಪಾಸಾದವು. ಕೆಟಲ್ ಫೇಲಾಯಿತು. ಚೀಟಿ ಕೊಟ್ಟು, ಇಳಿಯುವ ದಿನ ತಗೊಳ್ಳಿ ಅಂದರು.

"ಕೆಟಲ್ ಏನು ಪಿಸ್ತೂಲೇನು?" ಅಂದರು ವಕೀಲರು.

"ಕೆಟಲ್, ಇಸ್ತ್ರಿ ಪೆಟ್ಟಿಗೆ, ಬಿಸಿ ಆಗೋ ಸಾಮಾನು ಯಾವುದನ್ನೂ ಬಿಡಲಿಲ್ಲ. ಹಡಗಿನವರಿಗೆ ನೀರಿಗಿಂತ ಬೆಂಕಿಯ ಹೆದರಿಕೆ ಜಾಸ್ತಿ. ಬೆಂಕಿ ಬಿದ್ದರೆ ಓಡಿ ಬೀದಿಗೆ ಬರ್ತೀನಿ ಅನ್ನೋ ಹಾಗಿಲ್ಲವಲ್ಲ."

"ಸುತ್ತ ಅಷ್ಟು ನೀರು ಇಟ್ಕೊಂಡು!" ಅಂತ ಸಾವ್ಕಾರ್ರು ತಲೆ ಅಲ್ಲಾಡಿಸಿದರು.

ಮರುದಿನ ಬೆಳಿಗ್ಗೆ ಮೇಲಿನ ಮಹಡಿಯ ಊಟದ ಹಾಲ್‌ಗೆ ಹೋದೆ. ಪುಕ್ಕಟೆ ಕಾಫಿ ಮಶೀನು. ಗುಂಡಿ ಒತ್ತಿದೆ. ಬುಸ್ ಅಂತ ಕಂದು ನೀರು ಬಂತು. ಬಿಸಿ ಇತ್ತು. ಒಳ್ಳೆಯದು ಅಂತ ಹೇಳೋಕೆ ಅದೊಂದೇ. ಅಷ್ಟರಲ್ಲಿ ಒಬ್ಬ ಹುಡುಗ ಬಂದು ಮಶೀನಿನ ಬಾಗಿಲು ತೆಗೆದು ಪಾಕೀಟು ಬದಲಿಸಿದ. ಆಗ ಗುಟ್ಟು ಗೊತ್ತಾಯಿತು. ಒಳಗಿರುವುದು ಗಟ್ಟಿ ಕಾಫಿ ರಸ, ಕೋಕಂ ಶರಬತ್ತಿನ ಪಾಕ ಇರುತ್ತದಲ್ಲ, ಹಾಗೆ. ನಾವು ಗುಂಡಿ ಒತ್ತಿದಾಗ ಅದಕ್ಕೆ ಬಿಸಿನೀರು ಬೆರೆಯುತ್ತದೆ.

"ನಾನು ಹಡಗಿನ ಪರ" ಅಂತ ವಕೀಲರು ಎದ್ದು ನಿಂತರು. ಫೀಸು ಇಲ್ಲದಾಗ ಅವರು ಯಾರ ಪರವೂ ನಿಲ್ಲುತ್ತಾರೆ. "ಅಷ್ಟು ಮಂದಿ ಎರಡು ತಾಸಿನಲ್ಲಿ ತಿಂಡಿ ತಿಂದು ಏಳಬೇಕು. ಒಬ್ಬೊಬ್ಬರಿಗೂ ಫಿಲ್ಟರ್ ಇಳಿಸಿಕೊಂಡು ಕೂತರೆ ಹಡಗು ಗೋವಾ ಮುಟ್ಟಿದ ಮೇಲೆ ಕಾಫಿ ಬಂದೀತು."

"ಮದುವಿ ಮನ್ಯಾಗ ಎರಡು ಸಾವಿರ ಮಂದಿಗೆ ಚಾ ಮಾಡೂದಿಲ್ಲೇನ್ರಿ?" ಅಂದರು ಸಾವ್ಕಾರ್ರು. "ಒಂದ ಹಂಡೆ, ಒಬ್ಬ ಅಡಗಿಯಂವ."

ಸಾವ್ಕಾರ್ರ ಮಾತಿನಲ್ಲಿ ಪಾಯಿಂಟ್ ಇತ್ತು. ಚಹಾ ಸಹನೆಯ ಜೀವ. ಹಂಡೆಯಲ್ಲಿ ಕುದಿಸಿ, ಶುಂಠಿ ಜಜ್ಜಿ ಹಾಕಿ, ಮತ್ತೆ ಕುದಿಸಿ, ತಡೆದುಕೊಳ್ಳುತ್ತದೆ. ಕಾಫಿ ಹಾಗಲ್ಲ. ಕುದಿಸಿದರೆ ಕಹಿ, ಬಿಸಿ ತಟ್ಟೆಯ ಮೇಲೆ ಅರ್ಧ ಗಂಟೆ ಇಟ್ಟರೆ ಸುಟ್ಟ ವಾಸನೆ. ಅದೇ ಹಾಲ್‌ನಲ್ಲಿ ಮಸಾಲೆ ಚಹಾ ಚೆನ್ನಾಗಿಯೇ ಇತ್ತಂತೆ. ನನ್ನ ಹೆಂಡತಿ ನನ್ನ ಕಣ್ಣೆದುರೇ ಎರಡು ಕಪ್ ಕುಡಿದು, "ಛಲೋ ಐತಿ ನೋಡ್ರಿ" ಅಂದಳು. ಮೂವತ್ತೈದು ವರ್ಷದ ಸಂಸಾರದಲ್ಲಿ ಇಷ್ಟು ಸಂತೋಷದಿಂದ ಆಕೆ ಯಾವ ಮಾತೂ ಆಡಿರಲಿಲ್ಲ.

"ನೀರು ಎಲ್ಲಿಂದ ತರ್ತಾರೆ?" ಅಂತ ಕೇಳಿದರು ಮಾಸ್ತರು. ಅವರು ಯಾವಾಗಲೂ ಬುಡಕ್ಕೇ ಹೋಗುವವರು.

"ಸಮುದ್ರದ್ದೇ. ಎಂಜಿನ್ನಿನ ಬಿಸಿಯಿಂದ ಆವಿ ಮಾಡಿ ಇಳಿಸ್ತಾರೆ. ಇಲ್ಲಾಂದ್ರೆ ನಮ್ಮ ಮನೆ ಆರ್‌ಒ ಇರ್ತದಲ್ಲ, ಅದರ ದೊಡ್ಡಪ್ಪ. ಉಪ್ಪಿನ ಜೊತೆ ಉಳಿದ ಖನಿಜ ಎಲ್ಲ ಹೋಗ್ತದೆ. ಆಮೇಲೆ ಸ್ವಲ್ಪ ವಾಪಸ್ ಸೇರಿಸಿ ಕ್ಲೋರಿನ್ ಹಾಕ್ತಾರೆ. ಕಾಫಿಗೆ ಒಂಚೂರು ಕ್ಯಾಲ್ಸಿಯಂ, ಮ್ಯಾಗ್ನೀಸಿಯಂ ಇದ್ದರೆ ಪುಡಿಯ ರುಚಿ ನೀರಿಗೆ ಇಳಿಯೋದು. ತೀರಾ ಸಪ್ಪೆ ನೀರಾದರೆ ಕಾಫಿನೂ ಸಪ್ಪೆ."

ಸಾವ್ಕಾರ್ರಿಗೆ ಕಾಫಿ ಮರೆತೇ ಹೋಯಿತು. "ಸಮುದ್ರದ ನೀರ ಸಿಹಿ ಮಾಡ್ತಾರ? ನಮ್ಮ ಓಣಿ ಬೋರಿನ ಸವಳ ನೀರಿಗೆ ಯಾರೂ ಬರವಲ್ರು!" ಇದರ ಮೇಲೆ ಹತ್ತು ನಿಮಿಷ ಹೋಯಿತು. ಅದನ್ನು ಬಿಡುತ್ತೇನೆ.

ಹಡಗಿನಲ್ಲಿ ದುಡ್ಡು ಕೊಟ್ಟು ಕುಡಿಯುವ ಕಾಫಿ ಅಂಗಡಿಯೂ ಇತ್ತು. ಎಸ್ಪ್ರೆಸೊ ಕೇಳಿದೆ. ಕೆಮ್ಮಿನ ಔಷಧಿಯ ಮುಚ್ಚಳದಷ್ಟು ಬಂತು. ಕಪುಚಿನೊ ಕೇಳಿದೆ. ಕ್ಷೌರದಂಗಡಿಯ ನೊರೆ ಬಂತು, ಅಡಿಯಲ್ಲಿ ಎಲ್ಲೋ ಕಾಫಿ ಅಡಗಿ ಕೂತಿತ್ತು. ಮೂರನೇ ಸಲ ಬುದ್ಧಿ ಬಂತು. ಎರಡು ಎಸ್ಪ್ರೆಸೊ ಒಂದೇ ಲೋಟಕ್ಕೆ, ಮೇಲೆ ನೊರೆ ಇಲ್ಲದ ಬಿಸಿ ಹಾಲು, ಸಕ್ಕರೆ. ಇದು ನಮ್ಮ ಕಾಫಿಯ ಸೋದರಮಾವನ ಮಗನ ಹಾಗೆ ಇತ್ತು. ಮುಖದ ಹೋಲಿಕೆ ಇದೆ, ಮನೆತನ ಬೇರೆ. ಅಲ್ಲಿ ರೊಕ್ಕ ಕೈಯಿಂದ ಕೊಡುವ ಪದ್ಧತಿ ಇಲ್ಲ. ಕೋಣೆಯ ಬೀಗ ತೆಗೆಯುವ ಕಾರ್ಡೇ ಉಜ್ಜುತ್ತಾರೆ, ಬಿಲ್ಲು ಕೊನೆಗೆ. ರೊಕ್ಕ ಕೈ ಬಿಟ್ಟು ಹೋಗುವುದು ಕಾಣದಿದ್ದರೆ ಖರ್ಚು ಅನ್ನಿಸುವುದೇ ಇಲ್ಲ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಬೇರೆಯವರಿಗೆ ಹೇಳಿದ ಮಾತು ಇದು.

ವಕೀಲರು ಅಷ್ಟರಲ್ಲಿ ಮೊಬೈಲ್ ತೆಗೆದಿದ್ದರು. "ನೋಡ್ರಿ, 2010ರಲ್ಲೇ ಅಲೂರ್ ಆಫ್ ದ ಸೀಸ್ ಅನ್ನೋ ಹಡಗಿನಲ್ಲಿ ಸ್ಟಾರ್‌ಬಕ್ಸ್ ಅಂಗಡಿನೇ ಹಾಕಿದ್ದಾರೆ. ನೀವು ಹತ್ತಿದ ಹಡಗೇ ತಪ್ಪು. ಈಗ ಐಕಾನ್ ಆಫ್ ದ ಸೀಸ್ ಅಂತ ಬಂದಿದೆ, 365 ಮೀಟರ್ ಉದ್ದ!"

ಮಾಸ್ತರು ಗುಮ್ಮಟದ ಕಡೆ ನೋಡಿ ಲೆಕ್ಕ ಹಾಕಿದರು. "ಇದರ ಗೋಳ 44 ಮೀಟರ್ ಅಗಲ. ಅಂಥ ಎಂಟು ಗೋಳ ಸಾಲಾಗಿ ಇಡಬಹುದು." ಆಮೇಲೆ ಗಂಟಲು ಸರಿಮಾಡಿಕೊಂಡರು. ನಾವು ಮೂವರೂ ಇನ್ನೊಂದು ಚಹಾ ಹೇಳಿದೆವು. ಮಾಸ್ತರು ಗಂಟಲು ಸರಿಮಾಡಿಕೊಂಡರೆ ಒಂದು ಪೀರಿಯಡ್ಡು ಗ್ಯಾರಂಟಿ.

"ಕಾಫಿ ನಮ್ಮ ನೆಲಕ್ಕೆ ಬಂದದ್ದೇ ಸಮುದ್ರದಿಂದ. 1670ರ ಸುಮಾರಿಗೆ ಬಾಬಾ ಬುಡನ್ ಅವರು ಮೆಕ್ಕಾ ಯಾತ್ರೆ ಮುಗಿಸಿ ಬರುವಾಗ ಯೆಮನ್ನಿನ ಮೋಕಾದಿಂದ ಏಳು ಬೀಜ ಮೈಗೆ ಕಟ್ಟಿಕೊಂಡು ಬಂದರು ಅಂತ ಪ್ರತೀತಿ. ಅಲ್ಲಿಯವರು ಹಸಿ ಬೀಜ ಹೊರಗೆ ಬಿಡ್ತಿರಲಿಲ್ಲ. ಬಿಟ್ಟರೆ ಎಲ್ಲರೂ ಬೆಳೀತಾರಲ್ಲ. ಅಂದರೆ ಬಂದರಿನಲ್ಲಿ ನಿಮ್ಮನ್ನ ಹಿಡಿದ ಹಾಗೆ ಅವರನ್ನ ಹಿಡಿದಿದ್ದರೆ ಚಿಕ್ಕಮಗಳೂರೇ ಇರ್ತಿರಲಿಲ್ಲ, ನಿಮ್ಮ ಚಟನೂ ಇರ್ತಿರಲಿಲ್ಲ."

"ಏಳು ಬೀಜ, ಗುಮ್ಮಟದಾಗ ಏಳು ಸಲ ದನಿ!" ಅಂದರು ಸಾವ್ಕಾರ್ರು.

"ಮುಹಮ್ಮದ್ ಆದಿಲ್‌ಶಾಹ ತೀರಿಕೊಂಡದ್ದು 1656ರಲ್ಲಿ. ಕಾಫಿ ಗಿಡ ನೋಡದೇ ಹೋದ, ಪಾಪ. ಇಷ್ಟು ದೊಡ್ಡ ಗುಮ್ಮಟ ಕಟ್ಟಿಸಿಕೊಂಡು ಏನು ಬಂತು?"

ಬಾದಶಹನಿಗಾಗಿ ನಾವು ಒಂದು ಗುಟುಕು ಚಹಾ ಕುಡಿದೆವು.

ನನ್ನ ಕಥೆಗೆ ಬರುತ್ತೇನೆ. ಫಿಲ್ಟರು ಇದೆ, ಪುಡಿ ಇದೆ, ಬಿಸಿನೀರು ಇಲ್ಲ. ಬಿಸಿನೀರಿನ ನಲ್ಲಿ ಇರುವುದು ಮೇಲೆ, ನಮ್ಮ ಕೋಣೆ ಆರು ಮಹಡಿ ಕೆಳಗೆ. ಮೊದಲ ಸಲ ಕಪ್ಪಿನಲ್ಲಿ ತಂದೆ. ಲಿಫ್ಟಿಗೆ ಕಾದು ಕೆಳಗೆ ಬರುವಷ್ಟರಲ್ಲಿ ಅದು ಸ್ನಾನದ ನೀರಾಗಿತ್ತು. ಡಿಕಾಕ್ಷನ್ ಬಂತು, ಬಣ್ಣ ಮಾತ್ರ. ಎರಡನೇ ಸಲ ಥರ್ಮಾಸ್ ಒಯ್ದೆ. ನಲ್ಲಿಗೆ ಹಿಡಿಯುವಷ್ಟರಲ್ಲಿ ಒಬ್ಬ ಓಡಿ ಬಂದು ತಡೆದ. ಸ್ವಂತ ಬಾಟಲಿ ನಲ್ಲಿಗೆ ಮುಟ್ಟಿಸುವಂತಿಲ್ಲ, ರೋಗ ಹರಡುತ್ತದೆ, ಅವರ ಕಪ್ಪಿನಲ್ಲಿ ಹಿಡಿದು ಸುರಿದುಕೊಳ್ಳಬೇಕು. ಸರಿ. ಒಂದು ಕಪ್ಪು ಹಿಡಿದು ಥರ್ಮಾಸ್ ಕುಲುಕಿ ಚೆಲ್ಲಿದೆ, ಒಳಗೆ ಬಿಸಿ ಆಗಲಿ ಅಂತ. ಆಮೇಲೆ ಒಂದೊಂದೇ ಕಪ್ಪು ತುಂಬಿದೆ. ಹಿಂದೆ ತಿರುಗಿ ನೋಡಿದರೆ ರೇಷನ್ ಅಂಗಡಿಯ ಪಾಳಿ. ಹಿಂದಿನವನು ಗುಜರಾತಿಯಲ್ಲಿ ಏನೋ ಅಂದ. ಅರ್ಥ ಆಗಲಿಲ್ಲ, ಧಾಟಿ ಅರ್ಥ ಆಯಿತು.

ಹತ್ತೂವರೆ ರಾತ್ರಿಗೆ ಕೋಣೆಯಲ್ಲಿ ಫಿಲ್ಟರ್ ಕಟ್ಟಿದೆ. ಮೂರು ಚಮಚ ಪುಡಿ, ಬಿಲ್ಲೆಯಿಂದ ಹದವಾಗಿ ಒತ್ತಿ, ನೀರನ್ನು ಸುತ್ತಲೂ ನಿಧಾನವಾಗಿ ಬಿಟ್ಟೆ. ಹಡಗು ತೊಟ್ಟಿಲಿನ ಹಾಗೆ ಮೆಲ್ಲಗೆ ತೂಗುತ್ತಿತ್ತು. ನಡೆಯುವವರಿಗೆ ಅದು ಗೊತ್ತಾಗುವುದಿಲ್ಲ, ಫಿಲ್ಟರಿಗೆ ಗೊತ್ತಾಗುತ್ತದೆ. ನುಣುಪು ಮೇಜಿನ ಮೇಲೆ ಅದು ಒಂದು ಇಂಚು ಆ ಕಡೆ, ಒಂದು ಇಂಚು ಈ ಕಡೆ ಹೊರಟಿತು. ಸುತ್ತ ನೋಡಿದೆ. ನನ್ನ ವಾಕಿಂಗ್ ಬೂಟು ಕಂಡಿತು. ಫಿಲ್ಟರನ್ನು ಅದರೊಳಗೆ ನಿಲ್ಲಿಸಿ ಲೇಸು ಬಿಗಿದೆ. ಅಳತೆ ತೆಗೆದು ಹೊಲಿಸಿದ ಹಾಗೆ ಕೂತಿತು.

"ಬೂಟಿನ್ಯಾಗಿಂದು ಕುಡೀತೀರಿ?" ಅಂದಳು ಹೆಂಡತಿ. ಹೊದಿಕೆ ಎಳೆದುಕೊಂಡು ಗೋಡೆ ಕಡೆ ತಿರುಗಿದಳು.

ಹದಿನೈದು ನಿಮಿಷ ಆದರೂ ಕೆಳಗೆ ಹನಿ ಬೀಳಲಿಲ್ಲ. ಪುಡಿ ಜಾಸ್ತಿ ಒತ್ತಿಬಿಟ್ಟಿದ್ದೆ, ತೂತು ಕಟ್ಟಿತ್ತು. ಮನೆಯಲ್ಲಿ ಮಾಡುವ ಹಾಗೆ ಚಮಚದಿಂದ ತಟ್ಟಿದೆ. ಟಣ್ ಟಣ್ ಟಣ್. ಬಿಟ್ಟು ಬಿಟ್ಟು ತಟ್ಟಿದೆ. ಹಡಗಿನ ಗೋಡೆ ಎಷ್ಟು ತೆಳು ಅಂತ ನನಗೇನು ಗೊತ್ತು? ಪಕ್ಕದವರು ಅಪಾಯದ ಸೂಚನೆ ಅಂದುಕೊಂಡು ಫೋನ್ ಮಾಡಿದ್ದರು. ಬಾಗಿಲು ಬಡಿದ ಸದ್ದು. ತೆರೆದರೆ ಕೋಣೆ ನೋಡಿಕೊಳ್ಳುವ ಹುಡುಗ. ನನ್ನ ಹಿಂದೆ ಬೂಟನ್ನೂ ಬೂಟಿನೊಳಗಿನ ಹಿತ್ತಾಳೆಯನ್ನೂ ನೋಡಿದ.

"ಎಂತ ಸರ್ ಇದು?"

ಆ "ಎಂತ" ಕೇಳಿದ ಮೇಲೆ ಪಾಸ್‌ಪೋರ್ಟ್ ನೋಡುವುದು ಬೇಕಿಲ್ಲ. ಮಂಗಳೂರು ಕಡೆಯವನು. ನನ್ನ ಸಂಕಟ ಹೇಳಿದೆ. ಡಿಕಾಕ್ಷನ್ ಇಳಿದೀತು, ಹಾಲು ಎಲ್ಲಿದೆ? ಮಶೀನಿನ ಪಕ್ಕ ಇರುವುದು ಹೆಬ್ಬೆರಳಿನ ಗಾತ್ರದ ಡಬ್ಬಿಯ ತಣ್ಣನೆ ಹಾಲು. ಹುಡುಗ ಕಾರಿಡಾರಿನ ಆ ಕಡೆ ಈ ಕಡೆ ನೋಡಿ, "ಬಿಸಿ ಹಾಲು ನಾನು ತರ್ತೇನೆ ಸರ್. ನಂಗೆ ಅರ್ಧ ಡಿಕಾಕ್ಷನ್ ಕೊಡ್ಬೇಕು" ಅಂದ.

"ಅರ್ಧ?" ವಕೀಲರು ಹಾರಿಬಿದ್ದರು. "ಕಾಲಿಗೆ ಒಪ್ಪಿಸಬೇಕಿತ್ತು. ಪುಡಿ ನಿಮ್ಮದು, ಫಿಲ್ಟರು ನಿಮ್ಮದು, ಬೂಟು ನಿಮ್ಮದು."

"ಹಾಲು ಅವಂದಲ್ರಿ" ಅಂದರು ಸಾವ್ಕಾರ್ರು. ವ್ಯಾಪಾರ ಗೊತ್ತಿದ್ದವರು. "ಸಮುದ್ರದಾಗ ಹಾಲು ಇದ್ದಂವನ ಸಾವ್ಕಾರ."

ಹಾಲು ಬಂತು. ಹಲ್ಲುಜ್ಜುವ ಲೋಟ ಎರಡಿದ್ದವು, ಒಂದರಿಂದ ಒಂದಕ್ಕೆ ಎತ್ತಿ ಹುಯ್ದೆ. ನಡುರಾತ್ರಿ, ನಿಂತುಕೊಂಡೇ ಇಬ್ಬರೂ ಕುಡಿದೆವು. ನಾನು ಮಾತಾಡಲಿಲ್ಲ, ಅವನೂ ಆಡಲಿಲ್ಲ. ಹೋಗುವಾಗ ಅವನು ಹೇಳಿದ ಮಾತು ಹಡಗು ಹತ್ತುವವರಿಗೆಲ್ಲ ಉಪಯೋಗಕ್ಕೆ ಬಂದೀತು: "ಬೆಳಿಗ್ಗೆ ಹಾಲನ್ನು ಕಾಫಿ ಮಶೀನ್ ಹತ್ರ ಹುಡುಕ್ಬೇಡಿ ಸರ್. ಕಾರ್ನ್‌ಫ್ಲೇಕ್ಸ್ ಇಡ್ತಾರಲ್ಲ, ಅಲ್ಲಿ ಬಿಸಿ ಹಾಲಿನ ಜಗ್ ಇರ್ತದೆ."

"ಅಂತೂ ಕಿಟಕಿಯಿಂದ ರಾತ್ರಿ ಸಮುದ್ರ ನೋಡ್ತಾ ಕುಡಿದಿರಿ" ಅಂದರು ಮಾಸ್ತರು, ಸ್ವಲ್ಪ ಹೊಟ್ಟೆಕಿಚ್ಚಿನಿಂದ.

"ಕಿಟಕಿ ಇರಲಿಲ್ಲ. ಒಳಗಿನ ಕೋಣೆ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. "ಅಂದರೆ, ಮುಂಬೈ ತನಕ ಹೋಗಿ, ಅಷ್ಟು ರೊಕ್ಕ ಕೊಟ್ಟು, ಕಿಟಕಿ ಇಲ್ಲದ ಕೋಣೆಯಲ್ಲಿ ಬೂಟು ನೋಡ್ಕೊಂಡು ಕೂತಿದ್ರಿ" ಅಂತ ವಕೀಲರು ಮೊಕದ್ದಮೆ ಮುಗಿಸಿದರು.

ಹೇಳಿ ಹೇಳಿ ನನಗೂ ಹಟ ಬಂತು. ಭಾನುವಾರ ಮೂವರನ್ನೂ ಮನೆಗೆ ಕರೆದೆ. ಅದೇ ಫಿಲ್ಟರು, ಅದೇ ಪುಡಿ, ಕ್ಯಾನಿನ ನೀರು, ಆಗ ತಾನೇ ಕಾಯಿಸಿದ ಎಮ್ಮೆ ಹಾಲು. ಬೂಟು ಬಾಗಿಲ ಹೊರಗೇ ಇತ್ತು. ಮಾಸ್ತರು ಅದನ್ನೂ ಬಗ್ಗಿ ನೋಡಿಯೇ ಒಳಗೆ ಬಂದರು. ಸ್ಟೀಲಿನ ಲೋಟದಲ್ಲಿ ನೊರೆ ಎದ್ದ ಕಾಫಿ ಕೊಟ್ಟೆ. ಸಾವ್ಕಾರ್ರು ಬಶಿ ಕೇಳಿದರು. ಕೊಟ್ಟೆ. ಸುರಿದುಕೊಂಡು, ಊದಿ, ಸುರ್ ಅಂತ ಕೊನೆಯ ಹನಿಯವರೆಗೂ ಎಳೆದರು. ಕಣ್ಣು ಮುಚ್ಚಿ ಒಂದು ನಿಮಿಷ ಕೂತರು. ನಾನು ಉಸಿರು ಹಿಡಿದು ಕಾದೆ.

"ಭಾಳ ಛಲೋ ಐತ್ರಿ ಸಾಹೇಬ್ರ" ಅಂದರು. ಆಮೇಲೆ ಅಡುಗೆಮನೆ ಕಡೆ ತಿರುಗಿ ದನಿ ಏರಿಸಿದರು: "ವೈನಿ, ಇನ್ನ ಚಾ ಮಾಡ್ರಿ."

ಒಳಗಿನಿಂದ ಉತ್ತರ ಬರಲಿಲ್ಲ. ಶುಂಠಿ ಜಜ್ಜುವ ಸದ್ದು ಆಗಲೇ ಕೇಳುತ್ತಿತ್ತು.