ಸಹಾಯ ಬೇಕು: ಕಂಪ್ಯೂಟರ್ ಶುರು ಮಾಡಿದೊಡನೆ ಹಾರ್ಡ್ ಡಿಸ್ಕ್ ಎಚ್ಚರಿಕೆ

ಗದಗ-ಬೆಟಗೇರಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ನಾಲ್ಕು ದಿನಗಳಿಂದ ಕಂಪ್ಯೂಟರ್ ಶುರು ಮಾಡಿದರೆ ಕಪ್ಪು ಪರದೆಯ ಮೇಲೆ ‘ಸ್ಮಾರ್ಟ್ ಸ್ಟೇಟಸ್ ಬ್ಯಾಡ್, ಬ್ಯಾಕಪ್ ಆ್ಯಂಡ್ ರಿಪ್ಲೇಸ್’ (ಡಿಸ್ಕಿನ ಸ್ವಯಂ ತಪಾಸಣೆಯಲ್ಲಿ ದೋಷ ಕಂಡಿದೆ, ಫೈಲುಗಳ ಪ್ರತಿ ಇಟ್ಟುಕೊಂಡು ಡಿಸ್ಕ್ ಬದಲಿಸಿ) ಎಂದು ಬರುತ್ತದೆ. ಎಫ್1 ಒತ್ತಿದರೆ ವಿಂಡೋಸ್ ತೆರೆದುಕೊಳ್ಳುತ್ತದೆ, ಚಕ್ಕಡಿಯ ವೇಗದಲ್ಲಿ. ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಬದಲಿಸಿದೆ, ಬೇರೆ ಪೋರ್ಟಿಗೂ ಹಾಕಿ ನೋಡಿದೆ, ಸಂದೇಶ ಹೋಗಲಿಲ್ಲ. ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ ಪರದೆ) ಡಿಸ್ಕಿನ ಹೆಸರು ಮಾತ್ರ ಸರಿಯಾಗಿಯೇ ಕಾಣುತ್ತದೆ.

ಒಬ್ಬರು ಚೆಕ್‌ಡಿಸ್ಕ್ (ಡಿಸ್ಕಿನ ದೋಷ ಹುಡುಕಿ ಸರಿಪಡಿಸಲು ನೋಡುವ ವಿಂಡೋಸ್ ಸಾಧನ) ಓಡಿಸಲು ಹೇಳಿದರು. ಇನ್ನೊಬ್ಬರು ಬಯಾಸ್‌ನಲ್ಲಿ ಆ ಎಚ್ಚರಿಕೆಯನ್ನೇ ಬಂದ್ ಮಾಡಿ ಎಂದರು. ಬೊಗಳುವ ನಾಯಿಯ ಬಾಯಿ ಕಟ್ಟಿದರೆ ಕಳ್ಳ ಹೋಗುತ್ತಾನೆಯೇ? ಗ್ರಾಹಕರ ಲಗ್ನಪತ್ರಿಕೆಗಳ ಫೈಲುಗಳೆಲ್ಲ ಇದರಲ್ಲೇ ಇವೆ, ಬೇರೆ ಪ್ರತಿ ಇಲ್ಲ (ಬೈಯಬೇಡಿ).

ಈ ಸ್ಥಿತಿಯಲ್ಲಿ ಮೊದಲು ಬೇಕಾದ ಫೈಲುಗಳನ್ನಷ್ಟೇ ನಕಲು ಮಾಡಿಕೊಳ್ಳಲೇ, ಅಥವಾ ಇಡೀ ಡಿಸ್ಕನ್ನು ಹೊಸ ಎಸ್‌ಎಸ್‌ಡಿಗೆ (ತಿರುಗುವ ತಟ್ಟೆಯಿಲ್ಲದ ವೇಗದ ಡಿಸ್ಕ್) ಕ್ಲೋನ್, ಅಂದರೆ ಇದ್ದಂತೆಯೇ ಪೂರ್ತಿ ನಕಲು, ಮಾಡಲೇ? ಅದಕ್ಕೂ ಮೊದಲು ಚೆಕ್‌ಡಿಸ್ಕ್ ಓಡಿಸಿದರೆ ಇರುವುದೂ ಹೋದೀತೇ?