ಅಪ್‌ಡೇಟ್: ಆಪ್ತಸಮಾಲೋಚಕರಿಲ್ಲದ ಕಾಲೇಜಿನ ವಿದ್ಯಾರ್ಥಿನಿಗೆ ನೆರವು ದೊರೆತ ಬಗೆ

ಊಟ, ನಿದ್ರೆ ಎರಡೂ ಕೆಟ್ಟು, ಹಾಸ್ಟೆಲ್ ಕೋಣೆಯಿಂದ ಹೊರಬರುವುದನ್ನೇ ಬಿಟ್ಟಿದ್ದ ಪದವಿ ವಿದ್ಯಾರ್ಥಿನಿಯೊಬ್ಬಳನ್ನು, ಆಪ್ತಸಮಾಲೋಚಕರೇ ಇಲ್ಲದ ನಮ್ಮ ಕಾಲೇಜಿನಿಂದ ಎಲ್ಲಿಗೆ ಕಳುಹಿಸಬೇಕೆಂದು ಉಪನ್ಯಾಸಕಿಯಾಗಿ ನಾನು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ವಂದನೆಗಳು. ಅವಳ ಒಪ್ಪಿಗೆಯಿಂದಲೇ ಇದನ್ನು ಬರೆಯುತ್ತಿದ್ದೇನೆ.

"ಬದುಕುವುದೇ ಬೇಡ ಎನಿಸುತ್ತದೆಯೇ ಎಂದು ನೇರವಾಗಿ ಕೇಳಿ" ಎಂಬ ಸಲಹೆಗೆ ನಾನು ಮೊದಲು ಹಿಂಜರಿದೆ. ಕೇಳಿದರೆ ಆ ಯೋಚನೆಯನ್ನು ನಾವೇ ಬಿತ್ತಿದಂತಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲವೆಂದು ತಿಳಿದ ಮೇಲೆ ಕೇಳಿದೆ. ಕೆಲವೊಮ್ಮೆ ಹಾಗೆ ಅನಿಸುತ್ತದೆ ಎಂದಳು. ಆಗಲೇ ಅವಳ ಕೈಯಿಂದಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿಸಿ, ಮಾತು ಕೇಳಿಸದಷ್ಟು ದೂರದಲ್ಲಿ, ಆದರೆ ಕಣ್ಣಳತೆಯಲ್ಲಿ ಕುಳಿತೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಉಚಿತ ಸೇವೆ ಹಗಲಿರುಳೂ ಕನ್ನಡದಲ್ಲಿ ಸಿಗುತ್ತದೆ. ಅಲ್ಲಿನವರ ಸೂಚನೆಯಂತೆ ಮರುದಿನವೇ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಂಡೆವು.

ಮನೆಯವರಿಗೆ ತಿಳಿಸುವ ಪ್ರಶ್ನೆ ಕಠಿಣವಾಗಿತ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆಯು ಚಿಕಿತ್ಸೆಯ ವಿವರಗಳಿಗೆ ಗೋಪ್ಯತೆಯ ಹಕ್ಕು ನೀಡುತ್ತದೆ, ಜೀವಾಪಾಯವಿದ್ದಾಗ ವಿನಾಯಿತಿಯೂ ಉಂಟು. ವೈದ್ಯರ ಎದುರಿನಲ್ಲಿ ಅವಳೇ ತಾಯಿಗೆ ಫೋನ್ ಮಾಡಿದಳು. (ತಂದೆಗೆ ಈಗಲೇ ಬೇಡ ಎಂದಿದ್ದಾಳೆ, ಅದು ಅವಳ ನಿರ್ಧಾರ.)

ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳು ಅರ್ಹ ಸಮಾಲೋಚಕರನ್ನು ನೇಮಿಸಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ನೀಡಿದ ನಿರ್ದೇಶನದ ಪ್ರತಿಯನ್ನು ಪ್ರಾಂಶುಪಾಲರಿಗೆ ಕೊಟ್ಟಿದ್ದೇನೆ. ಆಡಳಿತ ಮಂಡಳಿ ಇನ್ನೂ ಉತ್ತರಿಸಿಲ್ಲ. ವಿದ್ಯಾರ್ಥಿನಿ ಚಿಕಿತ್ಸೆ ಮುಂದುವರಿಸಿದ್ದಾಳೆ, ಬೆಳಗಿನ ತರಗತಿಗಳಿಗಷ್ಟೇ ಬರುತ್ತಿದ್ದಾಳೆ. ಹಾಜರಾತಿ ರಿಯಾಯಿತಿಗೆ ವೈದ್ಯಕೀಯ ಪ್ರಮಾಣಪತ್ರ ಸಲ್ಲಿಸಲಾಗಿದೆ.