ಸಮಸ್ಯೆ: ಚಳಿಯ ಬಸಿರಲಿ ಬೆಂಕಿ ಹುಟ್ಟಿತು ನೋಡು ಬಾನಿನಲಿ

ಕದ್ರಿಕಟ್ಟೆ: ಈ ವಾರದ ಸಾಲು ಮೇಲಿದೆ. ಅದೇ ಕೊನೆಯ ಸಾಲಾಗುವಂತೆ ಪದ್ಯ ಪೂರಣ ಮಾಡಿ. ಛಂದಸ್ಸು ಭಾಮಿನಿ ಷಟ್ಪದಿ. ಭಾನುವಾರ ರಾತ್ರಿವರೆಗೆ ಸಮಯ. ವಿರಹದ ಬೆಂಕಿ ಬೇಡ, ಅದು ಸಾಕಷ್ಟಾಗಿದೆ.

ಮಲ್ಪೆಮರಳು:
ಬಳಸಿ ಸುತ್ತುವ ಹಾಲು ಹಾದಿಯ
ಹೊಳೆಯದಂಚಿನೊಳನಿಲದೆಳೆಗಳು
ಕಳೆದುಕೊಂಡಿರೆ ತಮ್ಮ ಬಿಸುಪನು ಕೋಟಿ ವರುಷದಲಿ
ಸೆಳೆತ ಗೆದ್ದಿತು ತಾನೆ ಕುಸಿಯಿತು
ಒಳಗೆ ಹಿಮಮುಗಿಲೊಂದು ಬಿಗಿಯುತ
ಚಳಿಯ ಬಸಿರಲಿ ಬೆಂಕಿ ಹುಟ್ಟಿತು ನೋಡು ಬಾನಿನಲಿ

ಪಣಂಬೂರು ಅಲೆ: ಹಿಮಮುಗಿಲು? ಸಂಸ್ಕೃತದ ಹಿಮಕ್ಕೆ ಕನ್ನಡದ ಮುಗಿಲು ಸೇರಿಸಿದರೆ ಅರಿಸಮಾಸ, ಅದು ತಪ್ಪು. ಹೋದ ದೀಪಾವಳಿಗೂ ಇದನ್ನೇ ಹೇಳಿದ್ದೆ.

ಮಲ್ಪೆಮರಳು: ನಿಮ್ಮ ‘ರವಿಬೆಳಕು’ ನಾನು ಮರೆತಿಲ್ಲ. ಆಗ ಅರಿ ಕಾಣಲಿಲ್ವಾ? ಯಕ್ಷಗಾನದ ಪದಗಳಲ್ಲಿ ಇಂಥವು ಎಷ್ಟೋ ಇವೆ. ಭಾಗವತರು ಹಾಡುವಾಗ ಯಾರೂ ಎದ್ದು ಹೋಗಿಲ್ಲ.

ಪಣಂಬೂರು ಅಲೆ: ರಂಗಸ್ಥಳದಲ್ಲಿ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ. ವ್ಯಾಕರಣ ಬಿಡಿ, ಅರ್ಥವೂ ಸರಿಯಿಲ್ಲ. ತಾರೆ ಹುಟ್ಟುವ ಅನಿಲದ ಮುಗಿಲಿನಲ್ಲಿ ಸುಮಾರು ಮೈನಸ್ 263 ಡಿಗ್ರಿ ಸೆಲ್ಸಿಯಸ್ ಚಳಿ, ನಿಜ. ಆದರೂ ಜಲಜನಕ ಅನಿಲವಾಗಿಯೇ ಇರುತ್ತದೆ. ಮಂಜು ಕಟ್ಟುವುದು ಧೂಳಿನ ಕಣಗಳ ಮೇಲೆ ಮಾತ್ರ. ‘ಕರಿಮುಗಿಲೊಂದು’ ಅನ್ನಿ. ಮಾತ್ರೆ ಅಷ್ಟೇ. ನೋಟಕ್ಕೂ ಅದು ಕಪ್ಪೇ.

ಮಲ್ಪೆಮರಳು: ಹಿಮ ಅಂದ್ರೆ ಚಳಿ ಅಂತಲೂ ಇದೆ. ನಿಘಂಟು ತೆರೆಯಿರಿ. ನಾನು ಬದಲಾಯಿಸುವುದಿಲ್ಲ.

ಕುಡ್ಲದ ಕುಡಿ:
ಹಳೆಯ ತಾರೆಯು ಸಿಡಿದ ಬೂದಿಯು
ಎಳೆಯ ಮುಗಿಲಿಗೆ ತಂಪನಿತ್ತಿತು
ತಳಕೆ ಕುಸಿದವು ಹರಡಿ ನಿಂತಿರುವಣುಗಳೊಟ್ಟಾಗಿ
ಬಳಲಿದಜ್ಜಿಯ ಬೂದಿಯಿಂದಲೆ
ಮೊಳೆತು ಕಣ್ಣನು ತೆರೆಯೆ ಮೊಮ್ಮಗು
ಚಳಿಯ ಬಸಿರಲಿ ಬೆಂಕಿ ಹುಟ್ಟಿತು ನೋಡು ಬಾನಿನಲಿ

ಕದ್ರಿಕಟ್ಟೆ: ಚೆನ್ನಾಗಿದೆ. ಮುಂದಿನವರು?

ಅದಮಾರು ಹುಡುಗ: ಬೂದಿ ತಂಪು ಕೊಡುವುದು ಹೇಗೆ?

ಕುಡ್ಲದ ಕುಡಿ: ಅದರಲ್ಲಿ ಇಂಗಾಲ, ಆಮ್ಲಜನಕ ಇರುತ್ತವೆ. ಅವು ಅನಿಲದ ಬಿಸಿಯನ್ನು ಬೆಳಕಾಗಿ ಹೊರಗೆ ಬಿಡುತ್ತವೆ. ಬಿಸಿ ಇಳಿದರೆ ಒತ್ತಡವೂ ಇಳಿಯುತ್ತದೆ. ಆಮೇಲೆ ಗುರುತ್ವದ ಸೆಳೆತದ್ದೇ ಕೈ ಮೇಲು, ಮುಗಿಲು ಕುಸಿದು ತಾರೆಯಾಗುತ್ತದೆ.

ಅದಮಾರು ಹುಡುಗ: ಆದರೆ ಮಲ್ಪೆಯವರು ಹೇಳುವ ಅಂಚಿನಲ್ಲಿ ಅನಿಲ ತುಂಬಾ ವಿರಳ ಅಲ್ವಾ? ಅಲ್ಲೂ ತಾರೆಗಳು ಹುಟ್ಟುತ್ತವಾ?

ಪಣಂಬೂರು ಅಲೆ: ಹುಟ್ಟುತ್ತವೆ. ಆ ಮಾತು ಅವರು ಸರಿಯಾಗೇ ಹೇಳಿದ್ದಾರೆ. 2003ರಲ್ಲಿ ಹಾರಿದ ಗ್ಯಾಲೆಕ್ಸ್ ದೂರದರ್ಶಕ ಎಂ83 ಗ್ಯಾಲಕ್ಸಿಯ ಹೊರ ಅಂಚಿನಲ್ಲಿ ಎಳೆಯ ತಾರೆಗಳನ್ನು ಕಂಡಿತು, ಅತಿನೇರಳೆ ಬೆಳಕಿನಲ್ಲಿ. ಒಟ್ಟಾರೆ ತೆಳುವಾದರೂ ಅಲ್ಲಲ್ಲಿ ಗಂಟು ಕಟ್ಟಿದರೆ ಸಾಕು.

ಅದಮಾರು ಹುಡುಗ: ನಮ್ಮ ದೇಶದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್ 2015ರಲ್ಲಿ ಹಾರಿತು. ಅದರಲ್ಲೂ ಅತಿನೇರಳೆ ದೂರದರ್ಶಕ ಇದೆ. ಇಸ್ರೋ ಮುನ್ನಡೆಸಿದ ಯು. ಆರ್. ರಾವ್ ನಮ್ಮೂರಿನವರು, ಗೊತ್ತಲ್ವಾ?

ಮಲ್ಪೆಮರಳು: ಗೊತ್ತು ಮಾರಾಯ, ಪ್ರತಿ ವಾರ ಹೇಳ್ತೀ. ಅದಿರಲಿ, ಪಣಂಬೂರಿನವರ ಪೂರಣ ಎಲ್ಲಿ?

ಪಣಂಬೂರು ಅಲೆ: ಭಾನುವಾರ ರಾತ್ರಿವರೆಗೆ ಸಮಯ ಇದೆ.